ಬಾಗಿಲು ಹಾಕಿ ಉಣಿಸುವವಳು

ಕೆಲಸಕ್ಕೆ ಸೇರಿದ ನಾಲ್ಕನೆಯ ದಿನಕ್ಕೇ ನನಗೆ ಮಿನತಿ ಮಾಸಿಯ ಮೇಲೆ ಅನುಮಾನ ಬಂತು.

ಬೆಳಗಿನ ತಿಂಡಿಯ ಹೊತ್ತು. ಈ ಬಂಗಾಲಿ ಊರಿನ ಲೇಕ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿರುವ ನಮ್ಮ ‘ಶೇಫಾಲಿ’ ವೃದ್ಧರ ಆರೈಕೆ ಮನೆಯಲ್ಲಿ ಎರಡನೆಯ ಮಹಡಿಗೆ ಏಳು ಕೋಣೆ. ಏಳರ ಬಾಗಿಲೂ ಹಗಲಿಡೀ ತೆರೆದೇ ಇರಬೇಕೆಂಬುದು ನಿಯಮ. ಮುದುಕರು ಬಿದ್ದರೆ ಕಾಣಬೇಕು, ಕೂಗಿದರೆ ಕೇಳಬೇಕು. ಆ ದಿನ ಐದನೆಯ ಕೋಣೆಯ ಬಾಗಿಲು ಮಾತ್ರ ಮುಚ್ಚಿತ್ತು. ಒಳಗಿದ್ದವರು ಗಂಗೂಬಾಯಿ ಕುಲಕರ್ಣಿ. ಎಂಬತ್ಮೂರು ವರ್ಷ, ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದವರು, ಸಕ್ಕರೆ ಕಾಯಿಲೆ, ಮೇಲೆ ಮರೆವು. ಅವರಿಗೆ ಉಣಿಸಲು ಒಳಗೆ ಹೋಗಿದ್ದವಳು ಆ ಮಹಡಿಯ ಆಯಾ ಮಿನತಿ, ಎಲ್ಲರಿಗೂ ಮಾಸಿ, ಅಂದರೆ ಚಿಕ್ಕಮ್ಮ.

ಹತ್ತು ನಿಮಿಷ ಬಿಟ್ಟು ಅವಳು ಖಾಲಿ ಬಟ್ಟಲು ಹಿಡಿದು ಹೊರಗೆ ಬಂದಳು.

“ಬಾಗಿಲು ಯಾಕೆ ಹಾಕಿದ್ದೆ, ಮಾಸಿ?”

“ಗಾಳಿ, ದೀದಿ.”

ಭಾದ್ರಪದದ ಸೆಕೆ. ಕಿಟಕಿಯಾಚೆಯ ಬೇವಿನ ಮರದಲ್ಲಿ ಒಂದೆಲೆ ಅಲ್ಲಾಡುತ್ತಿರಲಿಲ್ಲ.

ಗೋಡೆಗೆ ತೂಗುಹಾಕಿದ ಊಟದ ಪಟ್ಟಿಯಲ್ಲಿ ಪ್ರತಿ ಹೊತ್ತಿಗೂ ಒಂದೊಂದು ವೃತ್ತವಿರುತ್ತದೆ. ಉಣಿಸಿದ ಆಯಾ ಅದನ್ನು ಪೆನ್ನಿನಿಂದ ತುಂಬಬೇಕು. ಕಾಲು ತಿಂದರೆ ಕಾಲು, ಅರ್ಧ ತಿಂದರೆ ಅರ್ಧ. ಮಿನತಿ ಪೂರ್ತಿ ವೃತ್ತವನ್ನು ಒತ್ತಿ ಒತ್ತಿ ಕಪ್ಪು ಮಾಡಿದಳು. ನಾನು ಪಟ್ಟಿ ನೋಡಿ ಒಳಗೆ ಹೋಗಿ ಗಂಗೂಬಾಯಿಯವರ ಹೊಟ್ಟೆಗೆ ಆರು ಯೂನಿಟ್ ಇನ್ಸುಲಿನ್ ಚುಚ್ಚಿ, ಕೆಳಗೆ ಸಹಿ ಮಾಡಿದೆ. ಡಾಕ್ಟರರ ಆದೇಶವೇ ಹಾಗಿತ್ತು: ತಿಂದ ಮೇಲೆಯೇ ಕೊಡಬೇಕು, ಅರ್ಧಕ್ಕಿಂತ ಕಡಿಮೆ ತಿಂದಿದ್ದರೆ ಕೊಡಲೇಬಾರದು.

ಹನ್ನೊಂದು ಗಂಟೆಗೆ ಮಗ್ಗುಲು ತಿರುಗಿಸಲು ಹೋದರೆ ಗಂಗೂಬಾಯಿಗೆ ಎಚ್ಚರವಾಗಲಿಲ್ಲ. ಅಜ್ಜೀ, ಅಜ್ಜೀ ಎಂದು ಭುಜ ಅಲ್ಲಾಡಿಸಿದ ಮೇಲೆ ಕಣ್ಣು ಬಿಟ್ಟು, ನನ್ನನ್ನು ಎಲ್ಲೋ ದೂರದಲ್ಲಿ ನಿಂತವಳಂತೆ ನೋಡಿ, ಮತ್ತೆ ಮುಚ್ಚಿಕೊಂಡರು. ಹಣೆಯಲ್ಲಿ ಬೆವರು. ಬಿಪಿ ಸರಿಯಾಗಿತ್ತು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಎಪ್ಪತ್ತೆಂಟು. ಕಡಿಮೆಯೇ, ಆದರೆ ಗಾಬರಿಪಡುವಷ್ಟಲ್ಲ. ಮಧ್ಯಾಹ್ನ ಮಗ್ಗುಲಲ್ಲೇ ನಿಂತು ಹಾಲು ಕುಡಿಸಲು ನೋಡಿದೆ. ಎರಡು ಚಮಚ ಒಳಗೆ ಹೋಯಿತು, ಉಳಿದದ್ದು ಗಲ್ಲದ ಮೇಲೆ ಇಳಿಯಿತು. ಸಂಜೆಯ ಹೊತ್ತಿಗೆ ತಾವಾಗಿಯೇ ಎಚ್ಚರಾದರು.

ಮಿನತಿ ಅವತ್ತು ಉಳಿದ ಆಯಾಗಳ ಜೊತೆ ಊಟಕ್ಕೆ ಕೂರಲಿಲ್ಲ. ವರಾಂಡದ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು, ಬಾಯಿ ಒಣಗಿತ್ತು. ನಾನು ಆ ಕಡೆ ಹೋದಾಗ ಎದ್ದು ಹೋದಳು. ತಪ್ಪು ಮಾಡಿದವರಿಗೆ ಅನ್ನ ಇಳಿಯುವುದಿಲ್ಲ ಎಂದುಕೊಂಡೆ.

ಅನುಮಾನಕ್ಕೆ ನನ್ನಲ್ಲಿ ಕಾರಣವಿತ್ತು. ಗದಗಿನಲ್ಲಿ ನರ್ಸಿಂಗ್ ಓದಿ ಮೊದಲು ಕೆಲಸಕ್ಕೆ ಸೇರಿದ್ದ ಒಂದು ಕಡೆ, ಆಯಾ ಒಬ್ಬಳು ನಿದ್ದೆಮಾತ್ರೆಯನ್ನು ಬಾಳೆಹಣ್ಣಿನಲ್ಲಿ ಹಿಸುಕಿ ಮುದುಕರಿಗೆ ತಿನ್ನಿಸುತ್ತಿದ್ದಳು. ಅವರು ಮಲಗಿದರೆ ತನಗೂ ಮಲಗಲು ಬಿಡುವು. ಮೂರು ತಿಂಗಳು ನಮಗಾರಿಗೂ ಗೊತ್ತಾಗಿರಲಿಲ್ಲ. ಒಬ್ಬರು ಹೋದ ಮೇಲೆಯೇ ಗೊತ್ತಾದದ್ದು.

ಎಲ್ಲರೂ ತನುಶ್ರೀದಿ, ಅಂದರೆ ತನುಶ್ರೀ ಅಕ್ಕ, ಎನ್ನುವ ಮೇಲ್ವಿಚಾರಕಿಗೆ ಹೇಳಿದೆ. ಅವರು ಕನ್ನಡಕ ಮೇಲಕ್ಕೆ ಸರಿಸಿ ನನ್ನನ್ನೇ ಪರೀಕ್ಷೆ ಮಾಡುವಂತೆ ನೋಡಿದರು.

“ವಸಂತಾ, ನೀನು ಬಂದು ಎಷ್ಟು ದಿನ?”

“ನಾಲ್ಕು.”

“ಮಿನತಿ ಬಂದು ಹನ್ನೆರಡು ವರ್ಷ. ನಿನ್ನ ಪ್ರೊಬೇಷನ್ ಮೂರು ತಿಂಗಳು. ಎಂಬತ್ಮೂರರ ಮುದುಕಿ ಹಗಲು ಮಲಗಿದಳೆಂದು ದೂರು ತರಬೇಡ. ಏನಾದರೂ ಸಿಕ್ಕರೆ ತಾ.”

ಸಿಕ್ಕರೆ ತಾ ಅಂದರಲ್ಲ, ಹುಡುಕತೊಡಗಿದೆ.

ನರ್ಸುಗಳ ಟಿಪ್ಪಣಿ ಪುಸ್ತಕವನ್ನು ಹಿಂದಕ್ಕೆ ತಿರುವಿದೆ. ಎರಡೂವರೆ ತಿಂಗಳಲ್ಲಿ ಐದನೆಯ ಕೋಣೆಯ ಎದುರು ‘ತೂಕಡಿಕೆ’ ಎಂಬ ಮಾತು ಮೂರು ಸಲ ಬಂದಿತ್ತು. ಆಮೇಲೆ ನಾನು ಕಂಡದ್ದು ನಾಲ್ಕನೆಯದು. ಅದಕ್ಕೂ ಹಿಂದೆ ಒಂದೂ ಇಲ್ಲ. ಬೆರಳು ಮಡಿಚಿ ನೋಡಿದರೆ ಪ್ರತಿಯೊಂದರ ನಡುವೆ ಹದಿನಾಲ್ಕೋ ಹದಿನೈದೋ ದಿನ. ನಡುವೆ ಒಂದು ಸಲ ಮಾತ್ರ ತಪ್ಪಿತ್ತು. ಆ ಹದಿನೈದನೆಯ ದಿನ ಭಾನುವಾರ ಬಿದ್ದಿತ್ತು, ಭಾನುವಾರ ಮಿನತಿಗೆ ರಜೆ.

ಆ ತಾರೀಖುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ.

ಔಷಧದ ಕಪಾಟಿನ ನಿದ್ದೆಮಾತ್ರೆಗಳನ್ನು ದಿನವೂ ಎಣಿಸಿದೆ. ಒಂದೂ ಕಡಿಮೆಯಾಗಲಿಲ್ಲ. ಹಾಗಿದ್ದರೆ ಹೊರಗಿನಿಂದ ತರುತ್ತಾಳೆ. ಒಂದು ಮಧ್ಯಾಹ್ನ ಅವಳು ಬಟ್ಟೆ ಒಗೆಯಲು ಹೋದಾಗ ಮೊಳೆಗೆ ನೇತುಹಾಕಿದ್ದ ಅವಳ ಚೀಲಕ್ಕೆ ಕೈ ಹಾಕಿದೆ. ನಾಚಿಕೆಯಾಯಿತು, ಆದರೂ ಹಾಕಿದೆ. ಬಾಚಣಿಗೆ, ಪಾನಿನ ಡಬ್ಬಿ, ಗುಲಾಬಿ ರಟ್ಟಿನ ತೆಳು ಬಂಗಾಲಿ ಪುಸ್ತಕ. ನನಗೆ ಬಂಗಾಲಿ ಓದಲು ಬಾರದು, ಪೂಜೆಯ ಪುಸ್ತಕವಿರಬೇಕೆಂದು ಬದಿಗಿಟ್ಟೆ. ಅಡಿಯಲ್ಲಿ ಬೆರಳುದ್ದದ ಗಾಜಿನ ಸೀಸೆ, ತುಂಬ ಬಿಳಿ ಗುಳಿಗೆ, ಹೆಸರಿನ ಚೀಟಿಯಿಲ್ಲ. ನಾಲ್ಕು ಗುಳಿಗೆ ಕಾಗದದಲ್ಲಿ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಸಂಜೆ ಖಿದಿರ್‌ಪುರದಲ್ಲಿ ಬಸ್ಸು ಬದಲಿಸಿ, ಗಾರ್ಡನ್ ರೀಚಿನ ರೈಲ್ವೆ ಕ್ವಾರ್ಟರ್ಸಿಗೆ ಬಂದು, ಚಪ್ಪಲಿ ಬಿಡುವ ಮೊದಲೇ ಆ ಪೊಟ್ಟಣವನ್ನು ಗಂಡನ ಮುಂದೆ ಬಿಚ್ಚಿದೆ. ಯಶವಂತ ಒಂದನ್ನು ಬಾಯಿಗೆ ಹಾಕಿಕೊಂಡೇಬಿಟ್ಟ.

“ಏ! ಉಗಳು ಅದನ್ನ!”

“ಸಕ್ಕರಿ ಇದು, ಹೋಮಿಯೋಪತಿ. ಈ ಊರಾಗ ಯಾರ ಚೀಲ ಝಾಡಿಸಿದ್ರೂ ಉದುರತೈತಿ. ನಮ್ಮ ಸೆಕ್ಷನ್ ಆಫೀಸರ್ ದಿನಾ ನಾಕು ಸರತೆ ತಿಂತಾನ, ಒಂದು ದಿನಾನೂ ನಿದ್ದಿ ಹತ್ತಿಲ್ಲ ಅವಗ.”

ಹೋಂವರ್ಕ್ ಮಾಡುತ್ತಿದ್ದ ಮಗಳು ಶ್ರಾವ್ಯ ತಲೆಯೆತ್ತಿದಳು. “ಮಮ್ಮಿ, ಯೂ ಸ್ಟೋಲ್ ಫ್ರಮ್ ಹರ್ ಬ್ಯಾಗ್?”

“ಕದಿಯೂದಲ್ಲವಾ ಅದು, ತಪಾಸಣಿ.”

“ವಹೀ ತೋ,” ನಾನೂ ಅದನ್ನೇ ಅಂದದ್ದು ಎಂಬಂತೆ ಹಿಂದಿಯಲ್ಲಿ ಗೊಣಗಿ ಅವಳು ಮತ್ತೆ ಪುಸ್ತಕಕ್ಕೆ ಬಗ್ಗಿದಳು.

ಅಂದಿನಿಂದ ಮಿನತಿಯ ಹಿಂದೆ ನೆರಳಿನಂತಿದ್ದೆ. ಅವಳು ಗಂಜಿ ಕಲಸಿದರೆ ಇಣುಕುವುದು, ನೀರು ಕುಡಿಸಿದರೆ ಲೋಟ ಮೂಸುವುದು. ಅವಳಿಗೂ ಗೊತ್ತಾಗಿತ್ತು. ಬೇರೆ ಆಯಾಗಳಿಗೆ ಕೇಳುವಂತೆ, ನನಗೂ ತಿಳಿಯುವಂತೆ ಹಿಂದಿಯಲ್ಲೇ, “ಸಿಸ್ಟರ್ ದೀದಿಗೆ ಹಸಿವು ಜಾಸ್ತಿ, ಮುದುಕರ ಬಟ್ಟಲಿಗೇ ಮೂಗು ಹಾಕುತ್ತಾಳೆ,” ಎಂದಳು. ಅವರೆಲ್ಲ ನಕ್ಕರು. ನಾನು ಅವಳೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡುವುದನ್ನೇ ನಿಲ್ಲಿಸಿದೆ. ಕೆಲಸದ ಮಾತನ್ನೂ ಎಷ್ಟು ಬೇಕೋ ಅಷ್ಟೇ.

ಗಂಗೂಬಾಯಿಯವರ ಜೊತೆಗಿನ ಮಾತು ಮಾತ್ರ ದಿನದಿನಕ್ಕೆ ಬೆಳೆಯಿತು. ಗಂಡನ ಬಂದರು ಕಚೇರಿಯ ಕೆಲಸದಿಂದಾಗಿ ಐವತ್ತು ವರ್ಷ ಈ ಊರಲ್ಲಿದ್ದು ಕಲಿತ ಬಂಗಾಲಿ, ಹಿಂದಿ ಎರಡೂ ಮರೆವಿನಲ್ಲಿ ತೊಳೆದು ಹೋಗಿ, ಧಾರವಾಡದ ಕನ್ನಡವೊಂದೇ ಉಳಿದಿತ್ತು. ಆ ಮನೆಯಲ್ಲಿ ಅದು ತಿಳಿಯುವವಳು ನಾನೊಬ್ಬಳೇ.

“ಯಾವೂರಾಕಿ ನೀ?”

“ಗದಗರೀ ಅಜ್ಜಿ.”

“ಯಾರ ಪೈಕಿ?”

“ಕ್ರಿಶ್ಚನ್ನರೀ.”

“ಹಂ. ಆದರೂ ಕೈ ಸ್ವಚ್ಛ ಅವ.” ನನ್ನ ಕೈ ಬಿಡದೆಯೇ, “ಇವತ್ತ ತಿಥಿ ಯಾವುದು?”

“ತಿಥಿ ಗಿಥಿ ನನಗ ತಿಳಿಯಂಗಿಲ್ರೀ. ತಾರೀಖು ಬೇಕಾದ್ರ ಹೇಳತೇನಿ.”

“ತಾರೀಖು ತಗೊಂಡು ಏನ ಮಾಡಲಿ,” ಎಂದು ಮುಖ ತಿರುಗಿಸುತ್ತಿದ್ದರು. ದಿನವೂ ಇದೇ ಪ್ರಶ್ನೆ, ಇದೇ ಉತ್ತರ.

ನಾನು ಸೇರಿ ಹತ್ತೊಂಬತ್ತನೆಯ ದಿನ, ಅಂದರೆ ನನ್ನ ಎಣಿಕೆಯ ಹದಿನೈದನೆಯ ದಿನ, ಬೆಳಿಗ್ಗೆಯೇ ಎಚ್ಚರಿಕೆಯಿಂದ ಹೋದೆ. ತಿಂಡಿಯ ಹೊತ್ತಿಗೆ ಐದನೆಯ ಕೋಣೆಯ ಎದುರೇ ನಿಲ್ಲಬೇಕೆಂದುಕೊಂಡಿದ್ದೆ. ಆದರೆ ಎಂಟೂಕಾಲಿಗೆ ಎರಡನೆಯ ಕೋಣೆಯ ಮುದುಕರು ಕ್ಯಾಥೆಟರ್ ಕಿತ್ತುಕೊಂಡರು. ರಕ್ತ, ಹಾಸಿಗೆ, ಕೂಗಾಟ. ಅದನ್ನು ಮುಗಿಸಿ ಕೈ ತೊಳೆದು ಬರುವಾಗ ಐದನೆಯ ಕೋಣೆಯ ಬಾಗಿಲು ಆಗಷ್ಟೇ ತೆರೆಯುತ್ತಿತ್ತು. ಮಿನತಿಯ ಕೈಯಲ್ಲಿ ಖಾಲಿ ಬಟ್ಟಲು. ಪಟ್ಟಿಯಲ್ಲಿ ಪೂರ್ತಿ ಕಪ್ಪು ವೃತ್ತ. ಕಿಟಕಿಯ ಹೊರಗೆ ಎಂದೂ ಇಲ್ಲದ ಕಾಗೆಗಳ ಗಲಾಟೆ.

ಒಳಗೆ ಹೋದೆ. ಗಂಗೂಬಾಯಿ ಎಚ್ಚರವಾಗಿದ್ದರು, ತುಟಿ ಮಣಮಣ ಅನ್ನುತ್ತಿತ್ತು. ಬಾಯಿ ಮೂಸಿದೆ, ಕಣ್ಣಿನ ಪಾಪೆ ನೋಡಿದೆ. ನಿದ್ದೆಮಾತ್ರೆಯ ಗುರುತೇನಿಲ್ಲ. ಹಾಗಿದ್ದರೆ ಇನ್ನೂ ಕೊಟ್ಟಿಲ್ಲ, ಆಮೇಲೆ ಕೊಡುತ್ತಾಳೆ, ಕಾಯುತ್ತೇನೆ ಎಂದು ಲೆಕ್ಕ ಹಾಕುತ್ತ, ಆರು ಯೂನಿಟ್ ಇನ್ಸುಲಿನ್ ಚುಚ್ಚಿದೆ. ಸಹಿ ಮಾಡಿದೆ.

ಆಮೇಲೆ ಎರಡು ಗಂಟೆ ಹೊತ್ತು ಮಿನತಿಯ ಮೇಲೆ ಕಣ್ಣಿಟ್ಟೆ. ಅವಳು ಬೇರೆ ಕೋಣೆಗಳಲ್ಲೇ ಇದ್ದಳು. ನಾನು ನೋಡಬೇಕಾದದ್ದು ಅವಳನ್ನಲ್ಲ ಎಂದು ಹೊಳೆಯಲಿಲ್ಲ.

ಹತ್ತೂಮುಕ್ಕಾಲಿಗೆ ಐದನೆಯ ಕೋಣೆಗೆ ಹೋದರೆ ದಿಂಬು ಒದ್ದೆ. ಗಂಗೂಬಾಯಿಯ ಕೈ ತಣ್ಣಗೆ, ನಡುಗುತ್ತಿತ್ತು. ಮಾತು ತೊದಲುತ್ತಿತ್ತು. ಬೆರಳು ಚುಚ್ಚಿದೆ.

ನಲವತ್ತೊಂದು.

“ಮಾಸಿ!” ಎಂದು ಕಿರುಚಿದ್ದಕ್ಕೆ ಮಿನತಿಯ ಜೊತೆ ತನುಶ್ರೀದಿಯೂ ಓಡಿ ಬಂದರು.

“ಏನು ಕೊಟ್ಟೆ ಇವರಿಗೆ?”

“ಏನೂ ಇಲ್ಲ ದೀದಿ.”

“ತಿಂದದ್ದು ಎಷ್ಟು?”

“ಪೂರ್ತಿ.”

“ಇವರನ್ನು ಮುಟ್ಟಿ ಹೇಳು.”

ಮಿನತಿ ಕೈ ಮುಂದೆ ಮಾಡಲಿಲ್ಲ. ನಾನು ಗ್ಲೂಕೋಸ್ ಪುಡಿಯನ್ನು ನೀರಿಗೆ ಕದಡಿ ಗಂಗೂಬಾಯಿಯ ತುಟಿಗೆ ಹಿಡಿದೆ. ಅಷ್ಟು ನಿಶ್ಶಕ್ತಿಯಲ್ಲೂ ಅವರು ಹಲ್ಲು ಕಚ್ಚಿಕೊಂಡರು. ಚಮಚ ಹಲ್ಲಿಗೆ ತಾಗಿ ಕಟಕಟ ಸದ್ದಾಯಿತು. ಮುಖ ಆ ಕಡೆ ಈ ಕಡೆ ತಿರುಗಿಸಿ, ನಾಲಗೆ ಹೊರಳದಿದ್ದರೂ ಹೇಳಿದರು:

“ಬ್ಯಾಡ... ಏಕಾದಶಿ ಅದ.”

ನಾನು ಚಮಚ ಕೆಳಗಿಟ್ಟೆ. ಹದಿನೈದು ದಿನಕ್ಕೊಮ್ಮೆ. ಗದಗಿನಲ್ಲಿ ನಮ್ಮ ಓಣಿಯ ಆಚಾರ್ಯರ ಮನೆಯ ಮುದುಕಿಯರು ಹೊಟ್ಟೆಗೆ ಹನಿ ನೀರೂ ಇಳಿಸದೆ ಕಟ್ಟೆಯ ಮೇಲೆ ಕೂತಿರುತ್ತಿದ್ದದ್ದನ್ನು ಹುಡುಗಿಯಾಗಿದ್ದಾಗಿನಿಂದ ಕಂಡವಳು ನಾನು. ನಿದ್ದೆಮಾತ್ರೆ ಹುಡುಕುತ್ತಿದ್ದೆ.

“ತಿಂದಿಲ್ಲ ಅಲ್ಲವೇ?” ಎಂದೆ.

ಮಿನತಿ ತಲೆಯಾಡಿಸಿದಳು. “ಒಂದು ಚಮಚವೂ ಇಲ್ಲ. ಕಾಗೆಗೆ ಹಾಕಿದೆ.”

ಬೈಯಲು ಹೊತ್ತಿರಲಿಲ್ಲ. ಬಾಯಿಯ ದಾರಿ ಮುಚ್ಚಿತ್ತು, ಉಳಿದದ್ದು ರಕ್ತನಾಳ. ತುರ್ತು ಔಷಧಗಳ ತಟ್ಟೆ ತಂದೆ. ತನುಶ್ರೀದಿ ಡಾಕ್ಟರಿಗೆ ಫೋನ್ ಹಚ್ಚಿ, “ಇಪ್ಪತ್ತೈದು ಪರ್ಸೆಂಟ್, ನೂರು ಎಂಎಲ್, ನಿಧಾನ,” ಎಂದು ಕೂಗಿದರು. ಮುದಿ ಕೈಯ ನರಗಳು ಸೂಜಿ ಕಂಡರೆ ಜಾರುತ್ತವೆ. ಮೊದಲ ಸಲ ತಪ್ಪಿತು, ಎರಡನೆಯ ಸಲ ಒಡೆಯಿತು. ಕೆಲಸವಿಲ್ಲದೆ ಆರು ವರ್ಷ ಮನೆಯಲ್ಲಿ ಕೂತ ನನ್ನ ಕೈ ಮೇಲೆ ನನಗೇ ಅನುಮಾನ ಬಂತು. ಆಗ ಮಿನತಿ ಹಾಸಿಗೆಯ ಆ ಬದಿಗೆ ಮೊಣಕಾಲೂರಿ, ಗಂಗೂಬಾಯಿಯ ಇನ್ನೊಂದು ಕೈಯನ್ನು ತನ್ನ ಎರಡೂ ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ, ಮಣಿಕಟ್ಟಿನ ಮೇಲೆ ಬೆರಳಿಟ್ಟು ತೋರಿಸಿದಳು. “ಇಲ್ಲಿ ದೀದಿ. ಸ್ನಾನ ಮಾಡಿಸುವಾಗ ಇದು ಕಾಣುತ್ತದೆ.”

ಸೂಜಿ ನಿಂತಿತು. ಹತ್ತು ನಿಮಿಷಕ್ಕೆ ನಡುಕ ಇಳಿಯಿತು. ಹದಿನೈದಕ್ಕೆ ಮತ್ತೆ ನೋಡಿದರೆ ನೂರಾ ಇಪ್ಪತ್ತು. ಗಂಗೂಬಾಯಿ ಕಣ್ಣು ತೆರೆದು ಮೇಲಿನ ಕೊಳವೆ ನೋಡಿದರು.

“ಏನ ಹಾಕಿದಿ ನನಗ?”

“ನೀರರೀ.”

“ನೀರೂ ಬ್ಯಾಡ ಅಂದಿದ್ದೆ.”

“ಬಾಯಾಗ ಹಾಕಿಲ್ರೀ ಅಜ್ಜಿ.”

ಅವರು ಬಹಳ ಯೋಚಿಸಿ, “ಆತು ಬಿಡು,” ಎಂದರು.

ವರಾಂಡದಲ್ಲಿ ಮಿನತಿ ಒಂದೇ ಉಸಿರಿಗೆ ಹೇಳಿದಳು. ಅವಳೂ ವಿಧವೆ, ಅವಳೂ ಏಕಾದಶಿ ಹಿಡಿಯುವವಳು. ಮಾಸಿಮಾ, ಅಂದರೆ ಗಂಗೂಬಾಯಿ, ಬಂದ ಹೊಸತರಲ್ಲಿ ದಿನವೂ ಏನೋ ಕೇಳುತ್ತಿದ್ದರು, ಆ ಮಾತಿನಲ್ಲಿ ಇವಳಿಗೆ ತಿಳಿದದ್ದು ಏಕಾದಶಿ ಎಂಬ ಒಂದೇ ಪದ. ಒಂದು ಸಲ ಹೌದು ಇವತ್ತೇ ಎಂದು ತಲೆಯಾಡಿಸಿದ್ದಕ್ಕೆ ಮುದುಕಿ ಬಾಯಿ ಮುಚ್ಚಿಬಿಟ್ಟರು. ಆಗಿದ್ದ ನರ್ಸು ಪಟ್ಟಿಯಲ್ಲಿ ಖಾಲಿ ವೃತ್ತ ಕಂಡು, ಮೂಗು ಹಿಡಿದು ಗಂಜಿ ತುರುಕಿದ್ದಳು. “ಇಡೀ ದಿನ ಅತ್ತರು ದೀದಿ. ಪಾಪ ಅಂಟಿತು ಅಂತ ನಾಲಗೆಯನ್ನು ಸೆರಗಿನಿಂದ ಉಜ್ಜಿಕೊಂಡರು. ಅವತ್ತಿನಿಂದ ನಾನು ಪಂಜಿಕೆಯಲ್ಲಿ ತಿಥಿ ನೋಡಿ ಹೇಳುತ್ತೇನೆ, ಬಾಗಿಲು ಹಾಕುತ್ತೇನೆ, ಗೋಲ ತುಂಬುತ್ತೇನೆ.”

“ಆ ಗೋಲ ನೋಡಿಯೇ ನಾನು ಸೂಜಿ ಚುಚ್ಚುವುದು. ಗೊತ್ತಿರಲಿಲ್ಲವೇ ನಿನಗೆ?”

“ಯಾರು ಹೇಳಿದರು?” ಎಂದಳು ಮಿನತಿ. “ಸೂಜಿ ಶುರುವಾಗಿ ಮೂರು ತಿಂಗಳೂ ಆಗಿಲ್ಲ. ನೀನು ಹೇಳಿದೆಯಾ?”

ನಾನು ಹೇಳಿರಲಿಲ್ಲ. ಹದಿನೈದು ದಿನ ಅವಳ ಲೋಟ ಮೂಸಿದ್ದೆ, ಚೀಲ ತಡಕಿದ್ದೆ. ಇದೊಂದು ಮಾತು ಹೇಳಿರಲಿಲ್ಲ.

ತನುಶ್ರೀದಿ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ಘಟನೆಯ ವರದಿಯ ಹಾಳೆ ಮೇಜಿನ ಮೇಲಿತ್ತು.

“ಆಯಾ ಸುಳ್ಳು ಗುರುತು ಹಾಕಿದಳು, ಅಷ್ಟು ಬರೆ. ಅವಳನ್ನು ಇವತ್ತೇ ಕಳಿಸುತ್ತೇನೆ. ನಿನಗೇನೂ ಆಗುವುದಿಲ್ಲ.”

“ಎರಡು ವಾರದ ಹಿಂದೆ ಹನ್ನೆರಡು ವರ್ಷದವಳು ಅಂದಿರಿ.”

“ಎರಡು ವಾರದ ಹಿಂದೆ ನಲವತ್ತೊಂದು ಇರಲಿಲ್ಲ.”

ಇಷ್ಟು ಸಲೀಸಾಗಿ ಒಬ್ಬರನ್ನು ಬಲಿ ಕೊಡುವವರು ಮುಂದಿನ ಸಲ ನನ್ನನ್ನೂ ಕೊಟ್ಟಾರು ಅನಿಸಿತು. ಆರು ವರ್ಷದ ಮೇಲೆ ಸಿಕ್ಕ ಕೆಲಸ. ಮನೆಯಲ್ಲಿ ಮೂರು ಜನರ ಬೆಳಗನ್ನು ಐದು ಗಂಟೆಗೆ ಎಳೆದು ತಂದು ಹೊಂದಿಸಿಕೊಂಡ ಕೆಲಸ. ಹಾಳೆಯನ್ನು ಬಹಳ ಹೊತ್ತು ನೋಡಿದೆ. ಆಮೇಲೆ ಬರೆದೆ: ವೃತ್ತ ಸುಳ್ಳು. ಊಟವನ್ನು ನಾನು ಕಣ್ಣಾರೆ ನೋಡದೆ ಇನ್ಸುಲಿನ್ ಕೊಟ್ಟೆ. ಹದಿನೈದು ದಿನದ ಹಿಂದೆಯೂ ಹಾಗೆಯೇ ಕೊಟ್ಟೆ, ಎಪ್ಪತ್ತೆಂಟು ಬಂದಾಗಲೂ ತಿಳಿಯಲಿಲ್ಲ. ವೃತ್ತದ ಮೇಲೆ ಇನ್ಸುಲಿನ್ ನಿಂತಿದೆಯೆಂದು ಆಯಾಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಲಿಲ್ಲ.

ಓದಿ ತನುಶ್ರೀದಿ ಕನ್ನಡಕ ತೆಗೆದರು. “ಹುಚ್ಚಿ ನೀನು.”

ಎರಡು ಗಂಟೆಗೆ ಗಂಗೂಬಾಯಿಯ ಮಗ ಶ್ರೀವತ್ಸ ಬಿಬಿಡಿ ಬಾಗ್ ಬಡಾವಣೆಯ ತಮ್ಮ ಬ್ಯಾಂಕಿನಿಂದ ಟ್ಯಾಕ್ಸಿ ಮಾಡಿಕೊಂಡು ಬಂದರು. ತಾಯಿಯ ಹಣೆ ಮುಟ್ಟಿ ನೋಡಿ, ಹೊರಗೆ ಬಂದು, ವರದಿಯನ್ನು ನಿಂತೇ ಓದಿದರು.

“ಸೇರಿಸುವಾಗ ಉಳ್ಳಾಗಡ್ಡಿ ಬೆಳ್ಳುಳ್ಳಿ ಬ್ಯಾಡ ಅಂತ ಬರೆಸಿದ್ದೆ. ಏಕಾದಶಿ ಬರೆಸಲಿಲ್ಲ. ನೆನಪಿರತದಂತ ಯಾರಿಗೆ ಗೊತ್ತಿತ್ರೀ? ನನ್ನ ಹೆಸರ ನೆನಪಿಲ್ಲ ಅಕಿಗೆ.” ಆಮೇಲೆ ದನಿ ಬದಲಾಯಿತು. “ಇಲ್ಲಿ ಸಹಿ ಯಾರದು?”

“ನಂದರೀ.”

“ನೀವು ಹೊಸಬರಲ್ಲ?” ತಲೆಯಿಂದ ಕಾಲಿನವರೆಗೆ ನೋಡಿದರು. ನಾನು ಮಿನತಿಯನ್ನು ನೋಡುತ್ತಿದ್ದ ನೋಟವೇ. “ನೀವು ಚುಚ್ಚಿದ್ದು ನೀವೇ ಬರೀತೀರಿ. ಬರೀದೆ ಇದ್ದದ್ದು ಇನ್ನೂ ಎಷ್ಟದನೋ.”

ಮಿನತಿಯ ಗುಲಾಬಿ ಪುಸ್ತಕವನ್ನು, ಅವಳ ಬಂಗಾಲಿ ಪಂಚಾಂಗವನ್ನು, ಅವರ ಮುಂದಿಟ್ಟೆ. ಅವಳು ಓದಿದಳು, ನಾನು ಬರೆದುಕೊಂಡೆ: ಬರುವ ಚೈತ್ರದವರೆಗಿನ ಎಲ್ಲ ಏಕಾದಶಿ. ಶ್ರೀವತ್ಸ ತಮ್ಮ ಫೋನಿನಲ್ಲಿದ್ದ ಮಠದ ಪಂಚಾಂಗಕ್ಕೆ ಹೋಲಿಸಿ, “ಎರಡು ಕಡೆ ಒಂದು ದಿನ ಫರಕ್ ಅದ. ನಮ್ಮದೇ ಹಿಡೀರಿ,” ಎಂದು ತಿದ್ದಿಸಿದರು. ಆ ದಿನಗಳಲ್ಲಿ ಬೆಳಗಿನ ಇನ್ಸುಲಿನ್ ಬೇಡ, ಮೂರು ಗಂಟೆಗೊಮ್ಮೆ ಬೆರಳು ಚುಚ್ಚಬೇಕೆಂದು ಡಾಕ್ಟರು ಬರೆದರು. ಮಿನತಿಗೆ ಲಿಖಿತ ಎಚ್ಚರಿಕೆ. ನನ್ನ ಪ್ರೊಬೇಷನ್ ಮೂರರ ಬದಲು ಆರು ತಿಂಗಳು. ಇನ್ನು ಮೇಲೆ ಸಕ್ಕರೆ ಕಾಯಿಲೆಯವರ ಒಂದೊಂದು ತುತ್ತನ್ನೂ ನರ್ಸು ನಿಂತು ನೋಡಬೇಕು.

ಮಾರನೆಯ ಬೆಳಿಗ್ಗೆ ದ್ವಾದಶಿ. ಐದನೆಯ ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಮಿನತಿ ತಾನೂ ಉಪವಾಸ ಬಿಟ್ಟು ಬಂದಿದ್ದಳು, ಬಾಯಲ್ಲಿ ಪಾನು. ನಾನು ಮಂಚದ ಕಾಲಬಳಿ ನಿಂತೆ. ಗಂಗೂಬಾಯಿ ಹಸಿದಿದ್ದರು, ಚಮಚಕ್ಕೆ ಕಾಯದೆ ಕತ್ತು ಚಾಚಿ ತಿಂದರು. ಒಂದು, ಎರಡು, ಮೂರು. ನಾನು ನೋಡುತ್ತಿದ್ದೆ. ನೋಡುವ ನನ್ನನ್ನು ಮಿನತಿ ನೋಡುತ್ತಿದ್ದಳು. ಬಟ್ಟಲು ಬರಿದಾಯಿತು. ಅವಳು ಪೆನ್ನನ್ನು ನನ್ನತ್ತ ಚಾಚಿದಳು.

“ನೀನೇ ತುಂಬು, ದೀದಿ. ನನ್ನ ಕೈ ಸುಳ್ಳಿನದು.”

“ಹಾಗೆನ್ನಬೇಡ ಮಾಸಿ.”

“ಯಾಕೆ? ದವಡೆಯಲ್ಲಿ ಅಡಗಿಸಿಟ್ಟಿದ್ದರೆ? ಬಾಯೊಳಗೂ ನೋಡಿಬಿಡು.”

ಅವಳು ನಗುತ್ತಿರಲಿಲ್ಲ. ಗಂಗೂಬಾಯಿಯ ಗಲ್ಲವನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ಕೆಳಗಿಳಿಸಿದಳು. ಮುದುಕಿ ಮಗುವಿನಂತೆ ಆ ಎಂದರು. ನೋಡುವುದಿಲ್ಲ ಎಂದು ಹೇಳಿ ವೃತ್ತ ತುಂಬಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಆದರೆ ಇನ್ಸುಲಿನ್ ಸಿರಿಂಜು ನನ್ನ ಕೈಯಲ್ಲಿತ್ತು.

ನಾನು ಬಗ್ಗಿ, ಎರಡೂ ದವಡೆಯ ಒಳಗೆ ನೋಡಿದೆ.